ಹಿರಿಯಾಕೆಯ ಕೈಗುಣ

ಲ್ಯಾಬಿನ ಕೋಲ್ಡ್ ರೂಮಿನ ಹಲಗೆಯ ಮೇಲೆ ಮುಂದಿನ ಸಾಲಿನ ಪಾಚಿಯ ಟ್ಯೂಬುಗಳು ಮತ್ತೆ ಬಿಳಿಚಿಕೊಂಡಿದ್ದವು. ಎಳೆಹುಲ್ಲಿನ ಬಣ್ಣವಿದ್ದ ನೀರು ಅಕ್ಕಿ ತೊಳೆದ ನೀರಿನಂತಾಗಿ, ಇದ್ದ ಹಸಿರೆಲ್ಲ ತಳದಲ್ಲಿ ಒಂದು ಚಿಟಿಕೆ ಬೂದಿಯ ಹಾಗೆ ಕೂತಿತ್ತು. ಕಿರಿಯಾಕೆ ಕೋಟಿನ ಗುಂಡಿ ಹಾಕಿಕೊಳ್ಳುವುದನ್ನೂ ಮರೆತು ಅವುಗಳ ಮುಂದೆ ನಿಂತಳು. ಅಳು ಬರುವ ಮೊದಲೇ ಅವಳ ಕಣ್ಣಿಗೆ ಇನ್ನೊಂದು ಬಿತ್ತು. ಈ ಕೋಣೆಯ ಬಾಗಿಲು ತೆರೆದಾಗಲೆಲ್ಲ ಹೊರಗಿನ ಗಾಳಿ ನುಗ್ಗಿ ತಣ್ಣಗಿನ ಗಾಜಿನ ಮೇಲೆ ಇಬ್ಬನಿಯಂತೆ ಹನಿ ಕಟ್ಟುತ್ತದೆ. ಹಿಂದಿನ ಸಾಲಿನ ಟ್ಯೂಬುಗಳ ಮೇಲೆ ಆ ಹನಿ ಕದಡದೆ ಉಳಿದಿತ್ತು. ಸತ್ತ ಟ್ಯೂಬುಗಳ ಮೇಲೆ ಮಾತ್ರ ಒರೆಸಿದ ಗುರುತು. ಬೆರಳುಗಳ ಗುರುತು.

ಆ ಕೋಣೆಗೆ ದಿನವೂ ಬರುವವರು ಇಬ್ಬರೇ. ಒಬ್ಬಳು ತಾನು. ಇನ್ನೊಬ್ಬಳು ತನ್ನ ವಾರಗಿತ್ತಿ.

ಒಂದೇ ಮನೆಯ ಇಬ್ಬರು ಸೊಸೆಯಂದಿರು ಒಂದೇ ಕಡೆ ಕೆಲಸ ಮಾಡುವುದು ಅಪರೂಪ. ಅದರಲ್ಲೂ ಕಣ್ಣಿಗೆ ಕಾಣದ ಪಾಚಿಯ ಕೆಲಸ ಮಾಡುವುದು ಇನ್ನೂ ಅಪರೂಪ. ಹಿರಿಯಾಕೆ ಆ ಲ್ಯಾಬಿನ ಜೀವಂತ ಪಾಚಿಗಳ ಉಸ್ತುವಾರಿ. ಕೆರೆ, ಹೊಂಡ, ತೊಟ್ಟಿ, ಎಲ್ಲಿಂದ ಯಾರು ಒಂದು ಹನಿ ನೀರು ತಂದರೂ ಅದರೊಳಗಿನ ಜೀವದ ಕುಲಗೋತ್ರ ಹೇಳಬೇಕಾದವಳು ಅವಳು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, ಹೊರಗೆ ಕೈ ಪೆನ್ಸಿಲು ಹಿಡಿದು ತನ್ನ ಪಾಡಿಗೆ ತಾನು ಬರೆಯುತ್ತಿದ್ದರೆ, ಕಾಗದದ ಮೇಲೆ ಆ ಜೀವ ಬಂದು ಕೂತುಬಿಡುತ್ತಿತ್ತು. ಪುಸ್ತಕದ ಹೆಸರುಗಳ ಜೊತೆಗೆ ಅವಳದೇ ಹೆಸರುಗಳೂ ಇದ್ದವು. ದೋಣಿಯ ಆಕಾರದ್ದಕ್ಕೆ ದೋಣಿಯಪ್ಪ, ಉದ್ದ ಎಳೆಯಂಥದ್ದಕ್ಕೆ ಜಡೆಯಮ್ಮ, ಎಲ್ಲ ಹೊಂಡದಲ್ಲೂ ಸಿಗುವ ಉರುಟಾದ ಹಸಿರು ಉಂಡೆಗೆ ಗುಂಡಜ್ಜಿ. ಮೇಲಾಗಿ ಅವಳ ಕೈಗುಣ. ಯಾರ ಟ್ಯೂಬು ಸೊರಗಿದರೂ ‘ಅಕ್ಕನ ಕೈಲಿ ಎರಡು ದಿನ ಇರಲಿ’ ಎಂದು ತಂದು ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದರು. ಅದು ಚಿಗುರಿಕೊಳ್ಳುತ್ತಿತ್ತು. ಹೇಗೆ ಅಂತ ಯಾರೂ ಕೇಳುತ್ತಿರಲಿಲ್ಲ. ಕೈಗುಣಕ್ಕೆ ಯಾರಾದರೂ ಕಾರಣ ಕೇಳುತ್ತಾರೆಯೇ.

ಕಿರಿಯಾಕೆ ಅಲ್ಲಿಗೆ ಓದಲು ಬಂದವಳು. ಅವಳ ಚುರುಕು ನೋಡಿ, ಮೈದುನನಿಗೆ ಇವಳೇ ಸರಿ ಎಂದು ಮನೆಗೆ ಮಾತು ತಂದವಳು ಹಿರಿಯಾಕೆಯೇ. ಮದುವೆಯಾದ ಮೇಲೂ ಕಿರಿಯಾಕೆ ಲ್ಯಾಬಿನಲ್ಲಿ ‘ಅಕ್ಕ’ ಅಂದವಳು ಮನೆಯಲ್ಲೂ ‘ಅಕ್ಕ’ ಅಂದಳು. ಹೊಸ ಹೆಸರು ಕಲಿಯುವ ತಾಪತ್ರಯವೇ ಇಲ್ಲವಲ್ಲ ಎಂದು ಆಗ ಎಲ್ಲರೂ ನಕ್ಕಿದ್ದರು. ಈಗ ಆ ‘ಅಕ್ಕ’ ಅನ್ನುವ ಮಾತು ಅವಳ ಗಂಟಲಿನಲ್ಲಿ ಮೀನಿನ ಮುಳ್ಳಿನಂತೆ ಅಡ್ಡ ಸಿಕ್ಕಿಕೊಳ್ಳುತ್ತಿತ್ತು.

ಎಲ್ಲಕ್ಕೂ ಮೂಲ ಒಂದು ಹೊಂಡ. ಬೆಟ್ಟದ ಬಿಸಿಲು ಬೀಳದ ಮಗ್ಗುಲಲ್ಲಿ, ಹಾದಿಯ ಪಕ್ಕಕ್ಕೆ, ಬೇರೆಲ್ಲ ಕಡೆ ಹುಲ್ಲು ಚಿಗುರಿದರೂ ತನ್ನ ಮೇಲಿನ ಮಂಜುಗಡ್ಡೆಯ ಪದರ ಬಿಟ್ಟುಕೊಡದ ಹೊಂಡ. ಕಿರಿಯಾಕೆ ಆ ಪದರಕ್ಕೆ ತೂತು ಕೊರೆದು ನೀರು ತೆಗೆದಿದ್ದಳು. ಮರಗಟ್ಟಿದ ಬೆರಳುಗಳಲ್ಲಿ ಚಿಕ್ಕ ಮೈಕ್ರೋಸ್ಕೋಪನ್ನು ಮಂಜುಗಡ್ಡೆಯ ಮೇಲೆಯೇ ಇಟ್ಟು, ಮಂಡಿಯೂರಿ ನೋಡಿದ್ದಳು. ಹಸಿರು ಕಾಯಿಯಂಥ ಒಂದು ಜೀವ. ತುದಿಯಲ್ಲಿ ಮುಚ್ಚಿದ ತುಟಿಯಂಥ ಸಣ್ಣ ಉಬ್ಬು. ಉಬ್ಬಿನ ಎರಡು ಬದಿಯಿಂದ ಎರಡು ಬಾಲ, ಒಂದೇ ಉದ್ದದವು. ಆ ಬಾಲಗಳನ್ನು ಬೀಸುತ್ತ, ನೀರು ಗಟ್ಟಿಯಾಗುವಂಥ ಚಳಿಯಲ್ಲಿ, ಜಾತ್ರೆಗೆ ಹೊರಟ ಮಗುವಿನ ಹಾಗೆ ತಿರುಗುತ್ತ ಹೋಗುತ್ತಿತ್ತು. ಇಂಥದ್ದನ್ನು ಅವಳು ಯಾವ ಪುಸ್ತಕದಲ್ಲೂ ನೋಡಿರಲಿಲ್ಲ. ದೇವರು ಯಾರೂ ನೋಡದ ಜಾಗದಲ್ಲಿ ಕೂತು ಇಷ್ಟು ನಾಜೂಕಿನ ಕೆಲಸ ಮಾಡಿದ್ದಾನಲ್ಲ ಎಂದು ಅವಳಿಗೆ ಅಲ್ಲೇ ಕಣ್ಣು ತುಂಬಿತ್ತು.

ಲ್ಯಾಬಿಗೆ ತಂದು ಟ್ಯೂಬುಗಳಿಗೆ ಹಂಚಿದ ದಿನವೂ ಬಾಲಗಳಿದ್ದವು. ಅಲ್ಲಿಯ ಪದ್ಧತಿಯಂತೆ ಟ್ಯೂಬುಗಳನ್ನೆಲ್ಲ ಹಿರಿಯಾಕೆಯ ಹಲಗೆಗೆ ಒಪ್ಪಿಸಿದಳು. ಅದಾದ ಮೇಲೆ ಬಾಲಗಳು ಕಾಣಲೇ ಇಲ್ಲ. ಹಿರಿಯಾಕೆ ದಿನ ಬಿಟ್ಟು ದಿನ ನೋಡಿದಳು, ಬರೆದಳು, ಅಳಿಸಿದಳು, ಮತ್ತೆ ನೋಡಿದಳು. ಕೊನೆಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನನಗೆ ಕಾಣೋದು ಬರೀ ಗುಂಡಜ್ಜಿ, ತಂಗಿ, ಎಂದಳು. ಬಾಲವೂ ಇಲ್ಲ, ನೀನು ಹೇಳಿದ ತುಟಿಯೂ ಇಲ್ಲ.

ಕಿರಿಯಾಕೆ ಮುಂದಿನ ಸಾಲಿನ ಟ್ಯೂಬೊಂದರಿಂದ ಹನಿ ತೆಗೆದು ತಾನೇ ನೋಡಿದಳು. ನಿಜ. ಸ್ಲೈಡಿನ ತುಂಬ ಅಲ್ಲಾಡದೆ ಕೂತ ಉರುಟು ಉಂಡೆಗಳು.

ಜೀನಿನ, ಅಂದರೆ ವಂಶವಾಹಿಯ, ಓದು ಇದಕ್ಕೆ ಇನ್ನೊಂದು ಗಂಟು ಹಾಕಿತು. ಹೊಂಡದ ಬಳಿಯಿಂದ ನೇರವಾಗಿ ಬೇರೆ ಊರಿನ ಲ್ಯಾಬಿಗೆ ಕಳಿಸಿದ್ದ ನೀರಿನ ವರದಿ ಬಂದಿತ್ತು. ಇದು ಈವರೆಗೆ ಓದಿದ ಯಾವ ಪಾಚಿಯ ಜೊತೆಗೂ ಸರಿಯಾಗಿ ಕೂರುತ್ತಿಲ್ಲ ಎಂದಿತ್ತು ಅದು. ಅಂದರೆ ಹೊಂಡದಲ್ಲಿ ಇದ್ದದ್ದು ಹೊಸದು. ಟ್ಯೂಬಿನಲ್ಲಿ ಕೂತಿರುವುದು ಗುಂಡಜ್ಜಿ. ನಡುವೆ ಏನಾಯಿತು? ಯಾರೋ ಬದಲಾಯಿಸಿದ್ದಾರೆ ಎಂಬ ಯೋಚನೆ ಕಿರಿಯಾಕೆಗೆ ಮೊದಲು ಬಂದಾಗ, ಛೆ, ಎಂದು ತಾನೇ ತಲೆ ಕೊಡವಿದ್ದಳು. ಕೊಡವಿದ್ದು ಹೋಗಲಿಲ್ಲ. ಅಂಗಿಗೆ ಅಂಟಿದ ಹುಲ್ಲುಬೀಜದ ಹಾಗೆ ಇನ್ನೊಂದು ಕಡೆ ಅಂಟಿಕೊಂಡಿತು.

ಹೊಸ ಜೀವ ಎಂದು ಜಗತ್ತು ಒಪ್ಪಬೇಕಾದರೆ ಜೀನಿನ ಓದೊಂದೇ ಸಾಲದು. ಆಕಾರದ ವಿವರ, ಚಿತ್ರ, ಅದಕ್ಕೆ ಇನ್ನೊಂದು ಜೊತೆ ಕಣ್ಣಿನ ಸಾಕ್ಷಿ, ಕಡೆಗೆ ಪಾಚಿಗಳ ಭಂಡಾರಕ್ಕೆ ಒಪ್ಪಿಸಲು ಬದುಕಿರುವ ತಳಿ, ಇಷ್ಟೂ ಬೇಕು ಎಂದು ಅಲ್ಲಿಯ ಮುಖ್ಯಸ್ಥರು ಕಡ್ಡಿ ಮುರಿದಂತೆ ಹೇಳಿದ್ದರು. ಏನು ಕೇಳಿದರೂ ‘ನಿಧಾನ, ನಿಧಾನ’ ಅನ್ನುತ್ತಿದ್ದ ಅವರಿಗೆ ಲ್ಯಾಬಿನವರು ಇಟ್ಟ ಹೆಸರು ನಿಧಾನಪ್ಪ. ಈ ಸಲ ನಿಧಾನಿಸಲು ಏನೂ ಉಳಿದಿರಲಿಲ್ಲ. ಬೆಟ್ಟದ ಹಾದಿ ಅಗಲ ಮಾಡುವವರು ಕಲ್ಲು ಮಣ್ಣು ಸುರಿದು ಹೊಂಡವನ್ನು ಮುಚ್ಚಿಬಿಟ್ಟಿದ್ದರು. ಸುದ್ದಿ ಕೇಳಿ ಓಡಿಹೋದ ಕಿರಿಯಾಕೆಗೆ ಸಿಕ್ಕಿದ್ದು ಲಾರಿ ಚಕ್ರದ ಗುರುತು ಮಾತ್ರ. ಆ ಜೀವ ಭೂಮಿಯ ಮೇಲೆ ಇನ್ನೆಲ್ಲಾದರೂ ಇದೆಯೋ ಇಲ್ಲವೋ ಬಲ್ಲವರಾರು. ಇದ್ದರೆ ಅದು ಹಿರಿಯಾಕೆಯ ಹಲಗೆಯ ಮೇಲೆ.

ಮತ್ತು ಅಲ್ಲಿ ಅದು ಸಾಯುತ್ತಿತ್ತು.

ಅನುಮಾನ ಮನೆಯೊಳಗೆ ಬಂದರೆ ಅದಕ್ಕೆ ಬೇರೆ ತಟ್ಟೆ ಹಾಕಬೇಕಾಗಿಲ್ಲ. ಎಲ್ಲರ ತಟ್ಟೆಯಲ್ಲೂ ಕೈ ಹಾಕುತ್ತದೆ. ಹಿರಿಯಾಕೆ ದಿನವೂ ಸಂಜೆ ಹಾಲು ಕಾಯಿಸಿ ಮೊದಲ ಲೋಟ ಕಿರಿಯಾಕೆಗೆ ಕೊಡುವವಳು. ಈಗ ಆ ಲೋಟ ಮುಂದೆ ಬಂದರೆ, ಯಾಕಿಷ್ಟು ಉಪಚಾರ ಅನ್ನಿಸುತ್ತಿತ್ತು. ‘ಇವತ್ತು ಟ್ಯೂಬು ಹೇಗಿವೆ?’ ಎಂದು ಹಿರಿಯಾಕೆ ಕೇಳಿದರೆ, ಗೊತ್ತಿಲ್ಲದವಳ ಹಾಗೆ ಕೇಳುತ್ತಾಳಲ್ಲ ಅನ್ನಿಸುತ್ತಿತ್ತು. ಕೇಳದಿದ್ದರೆ, ಗೊತ್ತಿರುವುದಕ್ಕೇ ಕೇಳಲಿಲ್ಲ ಅನ್ನಿಸುತ್ತಿತ್ತು. ಸೊಪ್ಪು ಬಿಡಿಸುತ್ತ ಕೂತ ಅತ್ತೆ ಇಬ್ಬರ ಮುಖವನ್ನೂ ನೋಡಿ, ಏನ್ರಮ್ಮಾ, ಕೋಲ್ಡ್ ರೂಮನ್ನ ಮನೆಗೂ ಹೊತ್ತುಕೊಂಡು ಬಂದಿದ್ದೀರಾ, ಎಂದು ಕುಟುಕಿದರು. ಇಬ್ಬರೂ ನಗಲಿಲ್ಲ.

ಗಂಡನ ಹತ್ತಿರ ಹೇಳಿಕೊಂಡದ್ದೂ ಆಯಿತು. ಅವನು ಬೂಟಿನ ದಾರ ಕಟ್ಟುತ್ತಿದ್ದವನು ಹಾಗೇ ತಲೆ ಎತ್ತಿದ.

‘ಅತ್ತಿಗೇನ ಅನುಮಾನಿಸ್ತೀಯಾ? ನಿನ್ನನ್ನ ಈ ಮನೆಗೆ ತಂದಿದ್ದೇ ಅವರು.’

‘ಕೈಹಿಡಿದು ಒಳಗೆ ತಂದವರಿಗೆ ಬಾಗಿಲು ಎಲ್ಲಿದೆ ಅಂತಾನೂ ಗೊತ್ತಿರುತ್ತೆ,’ ಎಂದಳು ಕಿರಿಯಾಕೆ. ಹೇಳಿದ ಮೇಲೆ ಅವಳಿಗೇ ನಾಲಿಗೆ ಕಹಿಯಾಯಿತು. ಅವನು ಇನ್ನೊಂದು ಬೂಟಿನ ದಾರಕ್ಕೆ ಕೈ ಹಾಕಿದ.

ಕಹಿಯಾದರೂ ಆ ಮಾತನ್ನು ನುಂಗಿಕೊಳ್ಳುವಂತೆ ಆಗಲಿಲ್ಲ, ಏಕೆಂದರೆ ಮಾರನೆಯ ದಿನವೇ ನಿಧಾನಪ್ಪನವರ ಕೋಣೆಯ ಅರೆತೆರೆದ ಬಾಗಿಲಿನಿಂದ ಹಿರಿಯಾಕೆಯ ಧ್ವನಿ ಅವಳ ಕಿವಿಗೆ ಬಿತ್ತು. ಸುಳ್ಳು ಹೇಳೋ ಹುಡುಗಿ ಅಲ್ಲ ಸರ್ ಅವಳು, ಎನ್ನುತ್ತಿದ್ದಳು ಹಿರಿಯಾಕೆ. ಆದರೆ ಅಷ್ಟು ಚಳೀಲಿ, ಅಷ್ಟು ಆಸೆ ಇಟ್ಟುಕೊಂಡು ನೋಡಿದರೆ, ಕಂಡಿದ್ದನ್ನು ಕಂಡಳೋ, ಕಾಣಬೇಕು ಅಂದುಕೊಂಡಿದ್ದನ್ನು ಕಂಡಳೋ ಹೇಳೋದು ಕಷ್ಟ. ನಿಧಾನಪ್ಪ ಏನೋ ಗೊಣಗಿದರು. ಕಿರಿಯಾಕೆ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಮಾತಿನ ಮೊದಲ ಅರ್ಧ ಅವಳ ಕಿವಿಯಲ್ಲಿ ಉಳಿಯಲಿಲ್ಲ. ಎರಡನೆಯ ಅರ್ಧ ಕಾದ ಎಣ್ಣೆಯಂತೆ ಇಳಿಯಿತು.

ಅಂದಿನಿಂದ ಅವಳು ಕಣ್ಣಲ್ಲಿ ಕಣ್ಣಿಟ್ಟು ನೋಡತೊಡಗಿದಳು. ನೋಡಿದಷ್ಟೂ ಸಿಕ್ಕಿತು. ಹಿರಿಯಾಕೆ ಕೋಲ್ಡ್ ರೂಮಿಗೆ ಹೋಗುವುದು ಯಾವಾಗಲೂ ಒಬ್ಬಳೇ, ಬೇರೆಯವರು ಬರುವ ಮೊದಲು. ಹೋಗುವ ಮುನ್ನ ಕಾರಿಡಾರಿನ ಎರಡೂ ತುದಿ ನೋಡುವುದು ಉಂಟು. ಯಾರಾದರೂ ಹಿಂದೆಯೇ ಬಂದರೆ ಏನೋ ಮರೆತವಳಂತೆ ತಿರುಗಿ ಹೊರಟುಬಿಡುವುದೂ ಉಂಟು. ಸಾಯುತ್ತಿದ್ದದ್ದು ಯಾವಾಗಲೂ ಕೈಗೆ ಮೊದಲು ಸಿಗುವ ಮುಂದಿನ ಸಾಲು. ಸತ್ತವನ್ನು ತೆಗೆದು ಹಿಂದಿನದನ್ನು ಮುಂದಕ್ಕೆ ತಂದರೆ, ಕೆಲವು ದಿನ ಕಳೆಯುವುದರೊಳಗೆ ಅವಕ್ಕೂ ಅದೇ ಗತಿ. ಅದೇ ಕೋಣೆಯಲ್ಲಿ, ಅದೇ ಚಳಿಯಲ್ಲಿ, ಮೂಲೆಯ ಟ್ಯೂಬುಗಳು ಹಸಿರಾಗಿಯೇ ಇದ್ದವು. ರೋಗವಾಗಿದ್ದರೆ ಎಲ್ಲಕ್ಕೂ ತಗಲಬೇಕಿತ್ತು. ಯಂತ್ರ ಕೆಟ್ಟಿದ್ದರೆ ಎಲ್ಲವೂ ಸಾಯಬೇಕಿತ್ತು. ಆರಿಸಿ ಆರಿಸಿ ಕೊಲ್ಲುವುದು ಕೈಯ ಕೆಲಸ.

ಸಾಲುಗಳು ಕರಗುತ್ತ ಕರಗುತ್ತ ಕೊನೆಗೆ ಒಂದೇ ಟ್ಯೂಬು ಉಳಿಯಿತು.

ಕಿರಿಯಾಕೆ ಅದನ್ನು ಯಾರಿಗೂ ಹೇಳದೆ ಹಲಗೆಯ ಹಿಂದೆ, ಬರೀ ಪೋಷಕ ನೀರು ತುಂಬಿದ ಬಾಟಲಿಗಳ ಮರೆಯಲ್ಲಿ ಬಚ್ಚಿಟ್ಟಳು. ಅದರಿಂದ ಹೊಸ ಟ್ಯೂಬಿಗೆ ಒಂದು ಹನಿ ಹಾಕೋಣವೆಂದರೆ ಇನ್ನೂ ಸಾಕಷ್ಟು ಬೆಳೆದಿರಲಿಲ್ಲ. ಮುಟ್ಟಿದರೆ ಇದ್ದದ್ದೂ ಹೋದೀತು ಎಂಬ ಭಯ. ಅಂದು ಮಧ್ಯಾಹ್ನ ಊಟದ ಮೇಜಿನ ಹತ್ತಿರ ಹಿರಿಯಾಕೆ ಕೇಳಿದಳು, ಒಂದು ಉಳಿದಿತ್ತಲ್ಲ, ಅದೆಲ್ಲಿ? ಕಿರಿಯಾಕೆ ತಟ್ಟೆಯಿಂದ ತಲೆ ಎತ್ತದೆ, ಅದೂ ಬಿಳಿಚಿಕೊಳ್ತಾ ಇತ್ತು, ಎಂದಳು. ಜೀವಮಾನದಲ್ಲಿ ಅಕ್ಕನಿಗೆ ಹೇಳಿದ ಮೊದಲ ಸುಳ್ಳು ಅದು. ಹಿರಿಯಾಕೆಯ ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವಳು ಎದ್ದು ಹೋಗಿ ನಲ್ಲಿಯ ಕೆಳಗೆ ತುಂಬ ಹೊತ್ತು ಕೈ ತೊಳೆದಳು. ಕಿರಿಯಾಕೆಗೆ ಅದು ನಾಟಕವೆಂದೇ ತೋರಿತು.

ಮರುದಿನ ಬೆಳಿಗ್ಗೆ ಅವಳು ಅತ್ತೆಗೆ ಏನೋ ನೆಪ ಹೇಳಿ ಮನೆಯಿಂದ ಬೇಗ ಹೊರಟಳು. ಲ್ಯಾಬಿನ ಕಾರಿಡಾರಿನಲ್ಲಿ, ಹಳೆಯ ಬೀರುಗಳ ಸಂದಿಯಲ್ಲಿ ನಿಂತಳು. ಬೆಳಕು ನೆಲದ ಮೇಲೆ ಆಗಷ್ಟೇ ಚಾಚಿಕೊಳ್ಳುತ್ತಿತ್ತು. ಹಿರಿಯಾಕೆ ಬಂದಳು. ಕಾರಿಡಾರಿನ ಆ ತುದಿ ನೋಡಿದಳು, ಈ ತುದಿ ನೋಡಿದಳು. ದಪ್ಪ ಕೋಟು ತೊಟ್ಟು, ಕೈಗವಸು ಹಾಕಿಕೊಂಡು ಒಳಗೆ ಹೋದಳು. ಬಾಗಿಲಿನ ಮೇಲೆ ಅವಳದೇ ಕೈಬರಹದ ಚೀಟಿ ಅಂಟಿಸಿತ್ತು: ಬಾಗಿಲು ಬೇಗ ಮುಚ್ಚಿ, ಒಳಗಿರುವವರಿಗೆ ಸೆಕೆ ಆಗಿಬರದು.

ಕಿರಿಯಾಕೆ ಬಾಗಿಲಿನ ಚಿಕ್ಕ ಗಾಜಿಗೆ ಕಣ್ಣು ಹಚ್ಚಿದಳು. ಒಳಗೆ ಹಿರಿಯಾಕೆ ಖಾಲಿ ಹಲಗೆಯ ಮುಂದೆ ನಿಂತಿದ್ದಳು. ಆಮೇಲೆ ಒಂದೊಂದೇ ಬಾಟಲಿ ಸರಿಸಿ ಹುಡುಕಿದಳು. ಬಚ್ಚಿಟ್ಟ ಟ್ಯೂಬು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದಳು. ಅದು ಹಸಿರಾಗಿರುವುದು ಕಂಡಿತು; ಕಿರಿಯಾಕೆಯ ಸುಳ್ಳೂ ಕಂಡಿರಬೇಕು. ಒಂದು ಗಳಿಗೆ ಅವಳ ಹೆಗಲು ಕುಸಿಯಿತು. ಹಿರಿಯಾಕೆ ಎರಡೂ ಕೈಗವಸು ಕಳಚಿ ಕಂಕುಳಲ್ಲಿ ಇಟ್ಟುಕೊಂಡಳು. ಬರಿಗೈಯಲ್ಲಿ ಟ್ಯೂಬನ್ನು ಮುಚ್ಚಿ ಹಿಡಿದಳು. ಕೋಟಿನ ಮೇಲಿನ ಗುಂಡಿ ಬಿಚ್ಚಿ, ಆ ಮುಷ್ಟಿಗಳನ್ನು ಒಳಗೆ ಎದೆಗೆ ಒತ್ತಿಕೊಂಡು, ಗೋಡೆಯ ಕಡೆಗೆ ತಿರುಗಿ ನಿಂತಳು.

ಕದಿಯುತ್ತಿದ್ದಾಳೆ, ಎಂದುಕೊಂಡಳು ಕಿರಿಯಾಕೆ. ಬಾಗಿಲು ನೂಕಿದಳು.

‘ಏನು ಮಾಡ್ತಿದ್ದೀರಿ ನೀವು?’ ಅಕ್ಕ ಎನ್ನಲಿಲ್ಲ ಅವಳು.

ಹಿರಿಯಾಕೆ ಬೆಚ್ಚಿ ತಿರುಗಿದಳು. ಮುಖವೆಲ್ಲ ಕೆಂಪಾಗಿತ್ತು, ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆಯೇ. ಮುಷ್ಟಿ ಎದೆಯ ಮೇಲಿತ್ತು.

‘ಬಾಗಿಲು ಮುಚ್ಚು ಮೊದಲು.’

‘ಕೈಯಲ್ಲೇನಿದೆ?’

‘ನಿನ್ನದೇ,’ ಎಂದಳು ಹಿರಿಯಾಕೆ. ‘ನೀನು ಬಚ್ಚಿಟ್ಟಿದ್ದು. ಬಚ್ಚಿಡೋದಕ್ಕೆ ಏನು ಕಾರಣ ಅಂತ ನಾನು ಕೇಳಲ್ಲ. ಆದರೆ ಇದನ್ನ ನಿಧಾನಪ್ಪನ ಹತ್ತಿರ ಹೇಳಬೇಡ. ಒಂದು ಸಲ ನೋಡಿ ನಕ್ಕಿದ್ದಾರೆ. ಲ್ಯಾಬು ಅಂದ್ರೆ ಹರಕೆ ಕಟ್ಟೋ ಜಾಗ ಅಲ್ಲ ಅಂತ.’

ಕಿರಿಯಾಕೆಗೆ ಅರ್ಥವಾಗಲಿಲ್ಲ. ಹಿರಿಯಾಕೆ ಗೋಡೆ ನೋಡುತ್ತ, ತಪ್ಪು ಮಾಡಿದ ಮಗು ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು. ಕೆಲಸಕ್ಕೆ ಸೇರಿದಂದಿನಿಂದ ನಡೆದು ಬಂದದ್ದಂತೆ ಇದು. ಹೊಸ ಟ್ಯೂಬು ಬಂದರೆ, ಸೊರಗಿದ ಟ್ಯೂಬು ಬಂದರೆ, ದಿನಕ್ಕೊಮ್ಮೆ ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡು ದೇವರನ್ನು ನೆನೆಯುವುದು. ಗವಸು ಹಾಕಿಕೊಂಡು ನೆನೆಯಲು ಮನಸ್ಸು ಒಪ್ಪದು. ನಡುವೆ ರಬ್ಬರು ಇಟ್ಟುಕೊಂಡು ದೇವರ ಹತ್ತಿರ ಏನು ಮಾತು. ಈ ಟ್ಯೂಬುಗಳಿಗಂತೂ ಬೇರೆ ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತಿದ್ದೇನೆ, ಎಂದಳು.

‘ಏನಂತ ಕೇಳ್ತಿದ್ರಿ?’

‘ಇನ್ನೇನು ಕೇಳಲಿ.’ ಹಿರಿಯಾಕೆ ತನ್ನ ಮುಷ್ಟಿಯ ಕಡೆ ನೋಡಿದಳು. ‘ಇದಕ್ಕೆ ಬಾಲ ಇದ್ದರೆ ನನ್ನ ಕಣ್ಣಿಗೂ ಒಂದು ಸಲ ತೋರಿಸಪ್ಪಾ ಅಂತ. ನನಗೆ ಕಾಣದೆ ನಾನು ಇದೆ ಅಂತ ಬರೆಯೋಕಾಗಲ್ಲ. ಇಲ್ಲ ಅಂತ ಬರೆದರೆ ನಿನ್ನ ಹೆಸರಿಗೆ ಮಸಿ. ನಾನು ಎಲ್ಲಿಗೆ ಹೋಗಲಿ ಹೇಳು.’

ಅವಳು ಮುಷ್ಟಿ ಬಿಚ್ಚಿ ಟ್ಯೂಬನ್ನು ಕಿರಿಯಾಕೆಯ ಕೈಗೆ ಕೊಟ್ಟಳು.

ಅದು ಬೆಚ್ಚಗಿತ್ತು. ಕೋಳಿ ಆಗಷ್ಟೇ ಇಟ್ಟ ಮೊಟ್ಟೆಯ ಹಾಗೆ ಬೆಚ್ಚಗಿತ್ತು. ಗಾಜಿನ ಮೇಲಿನ ಹನಿಯೆಲ್ಲ ಒರೆಸಿಹೋಗಿ ಬೆರಳುಗಳ ಗುರುತು ಉಳಿದಿತ್ತು.

ಕಿರಿಯಾಕೆ ಆ ಬಿಸುಪನ್ನು ಹಿಡಿದುಕೊಂಡು ನಿಂತಳು. ಇಷ್ಟು ದಿನ ಕಲ್ಲು ಕಲ್ಲಾಗಿ ಪೇರಿಸಿದ್ದೆಲ್ಲ ಒಂದೇ ಸಲಕ್ಕೆ ಜರಿದು ಬಿತ್ತು. ಆದರೆ ಅದು ಬಿದ್ದದ್ದು ಯಾರ ಮೇಲೆ? ಮಂಜುಗಡ್ಡೆಯ ಕೆಳಗೆ ಹುಟ್ಟಿದ ಜೀವಕ್ಕೆ ಮನುಷ್ಯನ ಅಂಗೈ ಕೆಂಡದ ಸಮ. ಒಂದು ದಿನದ ಪ್ರಾರ್ಥನೆಗೆ ಬಾಲ ಉದುರಿಸಿಕೊಂಡು ಉಂಡೆಯಾಗಿ ಮುದುಡುತ್ತದೆ. ದಿನ ದಿನವೂ ಹಾಗೇ ಆದರೆ ಸಾಯುತ್ತದೆ. ಹೆಚ್ಚು ಹೊತ್ತು ಬೇಡಿಕೊಂಡಷ್ಟೂ ಬೇಗ ಸಾಯುತ್ತದೆ. ಬೆಚ್ಚಗಿನ ಹೊಂಡಗಳ ಪಾಚಿಗೆ ಈ ಕೈ ಒಗ್ಗಿತ್ತು. ಈ ಕೋಣೆಯ ಚಳಿಗೆ ಎಷ್ಟು ಜೋಪಾನ ಬೇಕೆಂದು ಬಾಗಿಲಿನ ಮೇಲೆ ಚೀಟಿ ಬರೆದು ಅಂಟಿಸಿದವಳಿಗೆ ತನ್ನ ಅಂಗೈ ನೆನಪಿಗೆ ಬರಲಿಲ್ಲ. ಪ್ರಾರ್ಥನೆಯನ್ನು ಅವಳು ಯಾವತ್ತೂ ಕೆಲಸದ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹೇಳದೆ ಇರಬಹುದಿತ್ತು. ಇನ್ನು ಮೇಲೆ ಈ ಟ್ಯೂಬು ನನ್ನ ಹತ್ತಿರವೇ ಇರಲಿ ಎಂದು ಹೊರಟುಬಿಡಬಹುದಿತ್ತು. ಆದರೆ ಹೇಳದಿದ್ದರೆ ಅಕ್ಕನ ಪುಟದಲ್ಲಿ ಅದು ಗುಂಡಜ್ಜಿಯಾಗಿಯೇ ಉಳಿಯುತ್ತಿತ್ತು. ಕಿರಿಯಾಕೆ ಟ್ಯೂಬನ್ನು ಲೋಹದ ಹಲಗೆಗೆ ತಾಗಿಸಿ ನಿಲ್ಲಿಸಿದಳು.

‘ಅಕ್ಕ,’ ಎಂದಳು. ‘ನಿಮ್ಮ ಕೈ ಬೆಚ್ಚಗಿದೆ.’

ಅಷ್ಟೇ ಸಾಕಾಯಿತು. ಹಿರಿಯಾಕೆ ಕಸುಬು ಬಲ್ಲವಳು. ಅವಳು ಹಲಗೆಯನ್ನು ನೋಡಿದಳು, ಸತ್ತ ಸಾಲುಗಳಿದ್ದ ಖಾಲಿ ಜಾಗವನ್ನು ನೋಡಿದಳು, ಮತ್ತೆ ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡಳು. ಮುಖದ ಕೆಂಪು ಇಳಿದು ಹೋಗಿತ್ತು.

‘ನಾನೇ ಸಾಯಿಸ್ತಾ ಇದ್ದೀನಿ ಅಂದುಕೊಂಡಿದ್ದೆಯಾ? ಅದಕ್ಕೇ ಬಚ್ಚಿಟ್ಟೆಯಾ?’

ಕಿರಿಯಾಕೆ ಹೌದೆಂದು ತಲೆಯಾಡಿಸಿದಳು.

‘ಸರಿಯಾಗೇ ಅಂದುಕೊಂಡಿದ್ದೆ,’ ಎಂದಳು ಹಿರಿಯಾಕೆ.

ಮೊದಲು ಅಲ್ಲಾಡಿದವಳು ಹಿರಿಯಾಕೆಯೇ. ಅಳುವುದಿದ್ದರೆ ಆಮೇಲೆ ಅಳೋಣ, ನಡಿ, ಎಂದಳು. ಹನಿ ಹೊರಗೆ ಬಂದು ಬೆಚ್ಚಗಾಗದಿರಲೆಂದು ಇಬ್ಬರೂ ಸೇರಿ ದೊಡ್ಡ ಮೈಕ್ರೋಸ್ಕೋಪನ್ನು ಮಗುವಿನ ತೊಟ್ಟಿಲಿನಂತೆ ಎರಡು ಕಡೆ ಹಿಡಿದು ಕೋಲ್ಡ್ ರೂಮಿಗೆ ಹೊತ್ತು ತಂದರು. ಸ್ಲೈಡುಗಳನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ಮಲಗಿಸಿದರು. ಟ್ಯೂಬನ್ನು ಅಂದು ಮುಟ್ಟುವುದು ಬೇಡವೆಂದು ಇಬ್ಬರಿಗೂ ಗೊತ್ತಿತ್ತು. ಹಿರಿಯಾಕೆ ಬಾಗಿಲಿನ ಚೀಟಿಯ ಕೆಳಗೆ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದಳು: ಬರಿಗೈ ನಿಷೇಧ. ತನಗಾಗಿಯೇ ಬರೆದುಕೊಂಡದ್ದು ಎಂದು ಓದಿದವರಿಗೆ ತಿಳಿಯುವಂತಿರಲಿಲ್ಲ.

ಮನೆಯಲ್ಲಿ ಆ ಸಂಜೆ ಹಾಲಿನ ಲೋಟ ಬರಲಿಲ್ಲ. ಕಿರಿಯಾಕೆ ತಾನೇ ಹಾಲು ಕಾಯಿಸಿ ಅಕ್ಕನ ಮುಂದೆ ಇಟ್ಟಳು. ಹಿರಿಯಾಕೆ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯಲು ಹೋಗಿ, ನಡುವೆಯೇ ತಡೆದು, ತುದಿಬೆರಳಿನಲ್ಲಿ ಎತ್ತಿಕೊಂಡಳು. ಅತ್ತೆ ಅದನ್ನು ನೋಡಿದರು. ಏನಾಯಿತೆಂದು ಕೇಳಲಿಲ್ಲ. ಕೇಳಬಾರದ ಹೊತ್ತು ಯಾವುದು ಎಂಬುದು ಅವರಿಗೆ ಗೊತ್ತಿತ್ತು.

ಮಾರನೆಯ ಬೆಳಿಗ್ಗೆ ಕಿರಿಯಾಕೆ ಟ್ಯೂಬಿನಿಂದ ಒಂದು ಹನಿ ತೆಗೆದು ತಣ್ಣಗಿನ ಸ್ಲೈಡಿಗೆ ಹಾಕಿದಳು. ಮೊದಲು ನೋಡುವ ಆಸೆ ಅವಳಿಗೆ ಇಲ್ಲದಿರಲಿಲ್ಲ. ಆದರೂ ಪಕ್ಕಕ್ಕೆ ಸರಿದು, ನೀವು ನೋಡಿ, ಎಂದಳು. ಹಿರಿಯಾಕೆ ಎರಡು ಗವಸಿನ ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ಬಗ್ಗಿದಳು. ಉಸಿರಿನ ಬಿಸಿ ತಾಗದಿರಲೆಂದು ಬಾಯಿಗೆ ಬಟ್ಟೆ ಕಟ್ಟಿಕೊಂಡಿದ್ದಳು. ಅವಳು ತುಂಬ ಹೊತ್ತು ಅಲ್ಲಾಡಲಿಲ್ಲ. ಬರೀ ಗುಂಡಜ್ಜಿಗಳೇ ಇರಬೇಕು ಎಂದುಕೊಂಡು ಕಿರಿಯಾಕೆ ಖಾಲಿ ಹಲಗೆಯ ಕಡೆ ನೋಡುತ್ತ ನಿಂತಳು. ಹೆಚ್ಚಿನವು ಹಾಗೆಯೇ ಇದ್ದವು ಎಂದು ಆಮೇಲೆ ತಿಳಿಯಿತು. ಸತ್ತವು ಕೆಲವು, ಮುದುಡಿದವು ಹಲವು. ಅವುಗಳ ನಡುವಿನಿಂದ ಒಂದು, ಉಬ್ಬಿದ ತುಟಿಯನ್ನು ಮುಂದೆ ಮಾಡಿಕೊಂಡು, ರಾತ್ರಿಯೆಲ್ಲ ಚಳಿಯಲ್ಲಿದ್ದು ಮತ್ತೆ ಬೆಳೆಸಿಕೊಂಡ ಮೋಟು ಬಾಲಗಳೆರಡನ್ನು ಬೀಸುತ್ತ, ಬೆಳಕಿನ ವೃತ್ತದ ಆ ಅಂಚಿನಿಂದ ಈ ಅಂಚಿಗೆ ಹಾದುಹೋಯಿತು.

ಹಿರಿಯಾಕೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಒದ್ದೆಯಾಗತೊಡಗಿತು.

‘ಗುಂಡಜ್ಜಿ ಅಲ್ಲ ಕಣೇ ಇದು,’ ಎಂದಳು. ಆಮೇಲೆ, ‘ಪೆನ್ಸಿಲು ಕೊಡು.’

ಗವಸಿನ ಕೈಯಲ್ಲಿ ಬರೆದ ಆ ಚಿತ್ರ ಅವಳ ಬೇರೆ ಚಿತ್ರಗಳಷ್ಟು ಚೆನ್ನಾಗಿರಲಿಲ್ಲ. ಗೆರೆ ಅಲ್ಲಲ್ಲಿ ನಡುಗಿತ್ತು. ನಿಧಾನಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ತಾವೇ ಕೋಟು ತೊಟ್ಟು ಒಳಗೆ ಹೋಗಿ ನೋಡಿ ಬಂದು, ಇನ್ನು ನಿಧಾನ ಮಾಡಬೇಡಿ ಎಂದರು. ಅವರ ಬಾಯಿಂದ ಆ ಮಾತು ಕೇಳಿದ್ದೇ ದೊಡ್ಡ ಶೋಧ ಎಂದು ಲ್ಯಾಬಿನವರು ಆಡಿಕೊಂಡರು. ಬಾಲಗಳು ಮೊದಲು ಯಾಕೆ ಕಾಣಲಿಲ್ಲ ಎಂದು ಅವರು ಕೇಳಿದಾಗ, ಬೆಚ್ಚಗಾದರೆ ಉದುರುತ್ತವೆ ಸರ್, ಎಂದಷ್ಟೇ ಕಿರಿಯಾಕೆ ಹೇಳಿದಳು. ಬೆಚ್ಚಗಾದದ್ದು ಹೇಗೆ ಎಂಬುದನ್ನು ಪಕ್ಕದಲ್ಲಿದ್ದ ಹಿರಿಯಾಕೆಯೇ ಹೇಳಿದಳು, ಒಂದು ಮಾತೂ ಬಿಡದೆ. ಈ ಸಲ ಅವರು ನಗಲಿಲ್ಲ. ವಿವರಣೆಯಲ್ಲಿ ಅದನ್ನೂ ಸೇರಿಸಿ, ಎಂದರು. ಅಂಗೈಯ ಬಿಸಿಗೆ ಬಾಲ ಕಳಚುತ್ತದೆ ಎನ್ನುವುದು ಈ ಜೀವದ ಗುಣವೇ ಅಲ್ಲವೇ.

ಟ್ಯೂಬು ಮೆಲ್ಲಗೆ ಹಸಿರೇರಿತು. ಒಂದು ಎರಡಾಗಿ, ಎರಡು ಸಾಲಾಗಿ, ಭಂಡಾರಕ್ಕೆ ಹೋಗಬೇಕಾದದ್ದು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಹೋಯಿತು. ಬೇರೆ ಕೋಣೆಗಳಿಂದ ಸೊರಗಿದ ಟ್ಯೂಬುಗಳು ಈಗಲೂ ಹಿರಿಯಾಕೆಯ ಮೇಜಿಗೆ ಬರುತ್ತವೆ. ಅವನ್ನು ಅವಳು ಅಂಗೈಯಲ್ಲಿ ಮುಚ್ಚಿಕೊಳ್ಳುತ್ತಾಳೆ, ಅವು ಚಿಗುರಿಕೊಳ್ಳುತ್ತವೆ. ಕೋಲ್ಡ್ ರೂಮಿನ ಹಲಗೆಯನ್ನು ಮಾತ್ರ ಅವಳು ಮುಟ್ಟುವುದಿಲ್ಲ.

ಒಂದು ಬೆಳಿಗ್ಗೆ ಕಿರಿಯಾಕೆ ಬರುವಾಗ ಆ ಕೋಣೆಯಲ್ಲಿ ದೀಪ ಉರಿಯುತ್ತಿತ್ತು. ಅವಳು ಬಾಗಿಲಿನ ಚಿಕ್ಕ ಗಾಜಿನಿಂದ ಒಳಗೆ ನೋಡಿದಳು. ಹಿರಿಯಾಕೆ ಹಸಿರು ಸಾಲುಗಳ ಮುಂದೆ, ಎರಡು ಹೆಜ್ಜೆ ಹಿಂದಕ್ಕೆ, ಕಣ್ಣು ಮುಚ್ಚಿ ನಿಂತಿದ್ದಳು. ತುಟಿಗಳು ಅಲ್ಲಾಡುತ್ತಿದ್ದವು. ಆ ತುಟಿಗಳು ನಿಲ್ಲುವವರೆಗೆ ಕಿರಿಯಾಕೆ ಬಾಗಿಲು ತೆರೆಯಲಿಲ್ಲ. ಆದರೂ ಗಾಜಿಗೆ ಮುಖ ಹಚ್ಚಿದ ಕೂಡಲೇ ಅವಳ ಕಣ್ಣು ಮೊದಲು ಹೋದದ್ದು ಅಕ್ಕನ ಮುಖದ ಕಡೆಗಲ್ಲ, ಕೈಗಳ ಕಡೆಗೆ. ಅವು ಬೆನ್ನ ಹಿಂದೆ, ಗವಸಿನೊಳಗೆ, ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿದ್ದವು.